ಕಾರ್ಟ್ರಿಜ್‌ಗೆ ಪೆಟ್ಟಾಗದಂತೆ ಟರ್ನ್‌ಟೇಬಲ್ ಸೂಜಿಯನ್ನು ಶುಚಿಗೊಳಿಸುವುದು

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ತಂದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯೊಂದು ಮನೆಯಲ್ಲಿ ಒಡಕು ದನಿಯಲ್ಲಿ ಹಾಡಿದರೆ, ರೆಕಾರ್ಡನ್ನೋ, ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಜ್ಜನ್ನೋ ದೂರುವ ಮೊದಲು ಸೂಜಿಯ ತುದಿಯನ್ನು ನೋಡಬೇಕು. ರೆಕಾರ್ಡಿನಲ್ಲಿ ದನಿ ಕೆತ್ತಿರುವ ಗೀರುಗಳಲ್ಲಿ ಕೂತ ಧೂಳು ಸೂಜಿಗೆ ಮೆತ್ತಿಕೊಂಡು ಉಂಡೆಗಟ್ಟಿದಾಗ ತುದಿಯ ವಜ್ರವು ಗೀರಿನ ಗೋಡೆಗಳನ್ನು ಸರಿಯಾಗಿ ಮುಟ್ಟುವುದಿಲ್ಲ. ‘ಸ’ಕಾರಗಳು ಸೀಳುತ್ತವೆ, ತಾರಸ್ಥಾಯಿ ಮಸುಕಾಗುತ್ತದೆ.

ಸೂಜಿಯ ತುದಿಯಲ್ಲಿರುವ ವಜ್ರ ಗಟ್ಟಿಯಾದದ್ದು ನಿಜ, ಆದರೆ ಅದರ ಹಿಂದಿರುವುದೆಲ್ಲವೂ ನಾಜೂಕು. ವಜ್ರವನ್ನು ಅಂಟಿನಿಂದ ಕ್ಯಾಂಟಿಲಿವರ್ ಎಂಬ ತೆಳುಕಡ್ಡಿಗೆ, ಸಾಮಾನ್ಯವಾಗಿ ಅಲ್ಯೂಮಿನಿಯಂ ಕೊಳವೆಗೆ, ಕೂರಿಸಿರುತ್ತಾರೆ. ಆ ಕಡ್ಡಿಯ ಹಿಂತುದಿ ರಬ್ಬರಿನ ಸಣ್ಣ ಬಿಲ್ಲೆಯ ಆಸರೆಯಲ್ಲಿ ಅಲುಗಾಡುತ್ತಿರುತ್ತದೆ, ಮತ್ತು ಅದಕ್ಕೆ ಮೂವಿಂಗ್ ಮ್ಯಾಗ್ನೆಟ್ ಬಗೆಯಲ್ಲಿ ಆಯಸ್ಕಾಂತವೂ ಮೂವಿಂಗ್ ಕಾಯಿಲ್ ಬಗೆಯಲ್ಲಿ ಕೂದಲೆಳೆಯಂಥ ತಂತಿಯ ಸುರುಳಿಯೂ ಜೋಡಿಸಿರುತ್ತದೆ. ಇವತ್ತಿನ ಬಹುತೇಕ ಕಾರ್ಟ್ರಿಜ್‌ಗಳು ಸೂಜಿ ರೆಕಾರ್ಡಿನ ಮೇಲೆ ಊರುವ ಸುಮಾರು 1.5ರಿಂದ 2 ಗ್ರಾಂ ಭಾರಕ್ಕೆ ಹೊಂದುವಂತೆ ತಯಾರಾದವು. ಬೆರಳಿನಿಂದ ಒಮ್ಮೆ ಅಡ್ಡಕ್ಕೆ ಒತ್ತಿದರೂ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬಲ ಬೀಳುತ್ತದೆ.

ಆದ್ದರಿಂದ ಕೆಲಸಕ್ಕೆ ಕೂರುವ ಮುನ್ನ ಆಂಪ್ಲಿಫೈಯರ್‌ನ ಸದ್ದನ್ನು ಪೂರ್ತಿ ಇಳಿಸಿ, ತಿರುಗುವ ತಟ್ಟೆಯನ್ನು ನಿಲ್ಲಿಸಿ, ಕಾರ್ಟ್ರಿಜ್ಜನ್ನು ಹೊತ್ತ ತೋಳಾದ ಟೋನ್‌ಆರ್ಮನ್ನು ಅದರ ಆಸರೆಯಲ್ಲಿಟ್ಟು ಕ್ಲಿಪ್ ಹಾಕಬೇಕು. ಫ್ಯಾನನ್ನು ಆರಿಸುವುದೂ ಒಳ್ಳೆಯದು. ಮುಂಬಯಿಯ ಸೆಕೆಯಲ್ಲಿ ಇದು ಕಷ್ಟದ ಸಲಹೆಯೆಂದು ಬಲ್ಲೆ, ಆದರೆ ಕೆಲಸ ಎರಡು ನಿಮಿಷದ್ದು. ಜವೇರಿ ಬಜಾರಿನ ವಜ್ರದ ವ್ಯಾಪಾರಿಗಳು ಕಣ್ಣಿಗೆ ಹಿಡಿಯುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಪುಟ್ಟ ಭೂತಗನ್ನಡಿ ಒಂದಿದ್ದರೆ, ಕೊಳೆ ಇದೆಯೋ ಇಲ್ಲವೋ ಎಂಬ ಊಹೆಯೇ ಬೇಕಾಗುವುದಿಲ್ಲ.

ಶುಚಿ ಮಾಡುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ದಿಕ್ಕು. ಸೂಜಿಗೆಂದೇ ತಯಾರಾದ ಮೃದುವಾದ ಗಿಡ್ಡ ಎಳೆಗಳ ಬ್ರಶ್ಶನ್ನು ಟೋನ್‌ಆರ್ಮಿನ ಬುಡದ ಕಡೆಯಿಂದ ಕಾರ್ಟ್ರಿಜ್ ಕೂರಿಸಿರುವ ಹೆಡ್‌ಶೆಲ್ಲಿನ ಮುಂತುದಿಯ ಕಡೆಗೆ, ಅಂದರೆ ರೆಕಾರ್ಡ್ ಸೂಜಿಯ ಕೆಳಗೆ ಸರಿಯುವ ದಿಕ್ಕಿನಲ್ಲಿಯೇ, ಹಗುರವಾಗಿ ಎಳೆಯಬೇಕು. ಮುಂದಿನಿಂದ ಹಿಂದಕ್ಕೆ ತಳ್ಳಿದರೆ ಕ್ಯಾಂಟಿಲಿವರ್ ಮಡಚಬಹುದು. ಅಡ್ಡಕ್ಕೆ ಎಳೆದರೆ ಮುರಿದೇ ಹೋಗಬಹುದು. ಎರಡು ಮೂರು ಎಳೆತ ಸಾಕು. ಪ್ರತಿ ಬದಿಯನ್ನು ನುಡಿಸುವ ಮೊದಲು ಈ ಒಣ ಬ್ರಶ್ಶಿನ ಕೆಲಸವೊಂದನ್ನೇ ರೂಢಿ ಮಾಡಿಕೊಂಡವರಿಗೆ ದ್ರವದ ಅಗತ್ಯ ಬರುವುದು ಅಪರೂಪ.

ಒಣ ಬ್ರಶ್ಶಿಗೆ ಬಗ್ಗದ ಕೊಳೆಗೆ ಸೂಜಿಗಾಗಿ ಮಾರುವ ಅಂಟಂಟಾದ ಜೆಲ್ಲಿನ ಡಬ್ಬಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಿರಪಾಯದ ದಾರಿ. ನಿಂತ ತಟ್ಟೆಯ ಮೇಲೆ, ರೆಕಾರ್ಡಿನ ಎತ್ತರಕ್ಕೆ ಹೊಂದುವಂತೆ ಡಬ್ಬಿಯನ್ನಿಟ್ಟು, ಕ್ಲಿಪ್ ಬಿಚ್ಚಿ, ಟೋನ್‌ಆರ್ಮನ್ನು ಏರಿಳಿಸುವ ಕ್ಯೂಯಿಂಗ್ ಲಿವರಿನಿಂದ ಸೂಜಿಯನ್ನು ನೇರವಾಗಿ ಇಳಿಸಿ ನೇರವಾಗಿಯೇ ಎತ್ತಬೇಕು. ಅದರ ಮೇಲೆ ಸೂಜಿಯನ್ನು ಎಳೆಯಕೂಡದು. ಗೋಡೆಗೆ ಚಿತ್ರ ಅಂಟಿಸುವ ಮೇಣದಂಥ ಅಂಟನ್ನು ಇದರ ಬದಲಿಗೆ ಬಳಸುವವರಿದ್ದಾರೆ, ಅದು ವಜ್ರವನ್ನೇ ಕಿತ್ತುಕೊಂಡು ಬರಬಹುದು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅದು ಕ್ಯಾಂಟಿಲಿವರಿನ ಗುಂಟ ಏರಿ ರಬ್ಬರಿನೊಳಗೆ ಇಳಿಯಬಲ್ಲದು, ಅಂಟನ್ನೂ ಸಡಿಲಿಸಬಲ್ಲದು. ತಯಾರಕರ ಕೈಪಿಡಿ ಒಪ್ಪಿದ್ದರೆ ಮಾತ್ರ, ಬ್ರಶ್ಶಿನ ತುದಿ ತೇವವಾಗುವಷ್ಟೇ ತೆಗೆದುಕೊಂಡು, ವಜ್ರದ ತುದಿಗಷ್ಟೇ ಸೋಕಿಸಿ, ಚೆನ್ನಾಗಿ ಆರಿದ ಮೇಲೆ ನುಡಿಸಬೇಕು.

ಬಾಯಿಂದ ಊದಿದರೆ ಎಂಜಲಿನ ತೇವ ಸೇರುತ್ತದೆ, ಒತ್ತಿ ತುಂಬಿದ ಗಾಳಿಯ ಡಬ್ಬಿಯಿಂದ ಗಾಳಿ ಬಿಟ್ಟರೆ ರಭಸಕ್ಕೆ ಕಡ್ಡಿ ಬಾಗಬಹುದು. ರೆಕಾರ್ಡ್ ಒರೆಸುವ ಕಾರ್ಬನ್ ಬ್ರಶ್ ಸೂಜಿಗಲ್ಲ. ಉಕ್ಕಿನ ಚಿಮಟವನ್ನು ಕಾರ್ಟ್ರಿಜ್ಜಿನ ಹತ್ತಿರ ತರಲೇಬಾರದು, ಒಳಗಿನ ಆಯಸ್ಕಾಂತ ಅದನ್ನು ಥಟ್ಟನೆ ಸೆಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ನಮ್ಮ ಮಾಟುಂಗ, ಡೊಂಬಿವಲಿಯ ಮನೆಗಳಲ್ಲಿ ರಟ್ಟಿನ ಕವರಿನೊಳಗಿನ ರೆಕಾರ್ಡಿಗೂ ಬೂಷ್ಟು ಹಿಡಿಯುತ್ತದೆ. ಅದನ್ನು ತೊಳೆಯದೆ ಸೂಜಿಯನ್ನಷ್ಟೇ ಒರೆಸುತ್ತ ಕೂತರೆ ಮುಂದಿನ ಬದಿಯಲ್ಲೇ ಅದೇ ಉಂಡೆ ಮತ್ತೆ ಕಟ್ಟುತ್ತದೆ. ಆದರೆ 78 ಆರ್‌ಪಿಎಂನ ಹಳೆಯ ಅರಗಿನ ತಟ್ಟೆಗಳನ್ನು ಆಲ್ಕೋಹಾಲ್ ಬೆರೆತ ದ್ರವದಿಂದ ತೊಳೆಯಕೂಡದು, ಅರಗು ಅದರಲ್ಲಿ ಕರಗುತ್ತದೆ.

ಶುಚಿಯಾದ ಮೇಲೆ ಲೂಪಿನಲ್ಲಿ ಎದುರಿನಿಂದ ನೋಡಿ, ಕ್ಯಾಂಟಿಲಿವರ್ ನೇರವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸೊಟ್ಟಗಿದ್ದರೆ ತಿದ್ದಲು ಹೋಗಬಾರದು. ಮೂವಿಂಗ್ ಮ್ಯಾಗ್ನೆಟ್ ಬಗೆಯಲ್ಲಿ ಸಾಮಾನ್ಯವಾಗಿ ಸೂಜಿಯ ಭಾಗವನ್ನಷ್ಟೇ ಬದಲಿಸಬಹುದು. ಮೂವಿಂಗ್ ಕಾಯಿಲ್ ಆದರೆ ಇಡೀ ಕಾರ್ಟ್ರಿಜ್ಜನ್ನೇ ಬಲ್ಲವರಲ್ಲಿಗೆ ಒಯ್ಯಬೇಕಾಗುತ್ತದೆ. ಹಳೆಯ ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ರೆಕಾರ್ಡ್ ಪ್ಲೇಯರ್‌ಗಳಲ್ಲಿ 78ಕ್ಕೊಂದು, ಎಲ್‌ಪಿಗೊಂದು ಎಂದು ಮಗುಚುವ ಸೂಜಿಯಿದ್ದರೆ, ಎರಡು ತುದಿಗಳನ್ನೂ ಒರೆಸಿ, ಸರಿಯಾದ ತುದಿಯೇ ಕೆಳಗಿದೆಯೆಂದು ನೋಡಿಕೊಂಡು ರೆಕಾರ್ಡ್ ಹಾಕಬೇಕು.