ಒಂದು ಗೂಡಿಗೆ ಒಂದೇ ಗಂಡು ಗೌಜಲಹಕ್ಕಿ

ಹಿತ್ತಿಲಲ್ಲಿ ಹತ್ತು–ಹನ್ನೆರಡು ಜಪಾನಿ ಗೌಜಲಹಕ್ಕಿ ತಂದು ಸಾಕಿದವರು ಎರಡು ತಿಂಗಳಾಗುವುದರೊಳಗೆ ಗಾಬರಿಯಿಂದ ಕೇಳುತ್ತಾರೆ: ‘ಹೆಣ್ಣುಗಳ ನೆತ್ತಿ ಬೋಳಾಗಿದೆ, ಒಂದರ ಕಣ್ಣೇ ಹೋಗಿದೆ. ಇದು ಯಾವ ರೋಗ?’ ರೋಗವಲ್ಲ, ಗೂಡಿನಲ್ಲಿ ಗಂಡುಗಳು ಹೆಚ್ಚಾಗಿವೆ. ಮರಿಗಳನ್ನು ಗಂಡು–ಹೆಣ್ಣು ನೋಡದೆ ಎಣಿಸಿ ಕೊಡುತ್ತಾರೆ. ಹನ್ನೆರಡರಲ್ಲಿ ಆರು ಗಂಡಾದರೆ ಆಶ್ಚರ್ಯವೇನಿಲ್ಲ.

ಮೊದಲು ಜಾಗ. ಹಕ್ಕಿಗೊಂದು ಚದರ ಅಡಿ ಕೊಡಿ, ಗೂಡಿನ ಎತ್ತರ ಒಂದು ಅಡಿ ಮೀರದಿರಲಿ. ಬೆದರಿದ ಗೌಜಲ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡೆದುಕೊಳ್ಳುತ್ತದೆ.

ಎರಡನೆಯದು ಗಂಡನ್ನು ಗುರುತಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಕಂದು ಬಣ್ಣದ ತಳಿಯಾದರೆ ಮೂರು ವಾರಕ್ಕೆ ಎದೆ ನೋಡಿ: ಗಂಡಿನದು ಚುಕ್ಕೆಯಿಲ್ಲದ ಇಟ್ಟಿಗೆ ಬಣ್ಣ, ಹೆಣ್ಣಿನದು ತಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ. ಬಿಳಿ ತಳಿಯಲ್ಲಿ ಈ ಗುರುತು ಸಿಗುವುದಿಲ್ಲ. ಆರೇಳು ವಾರ ಕಾಯಲೇಬೇಕು. ಆಮೇಲೆ ಹಕ್ಕಿಯನ್ನು ಎಡ ಅಂಗೈಯಲ್ಲಿ ಅಂಗಾತ ಹಿಡಿದು ಬಾಲವನ್ನು ಮೆಲ್ಲಗೆ ಸರಿಸಿ. ಗುದದ್ವಾರಕ್ಕೂ ಬಾಲಕ್ಕೂ ನಡುವೆ ಗುಲಾಬಿ ಬಣ್ಣದ ಉಬ್ಬು ಕಂಡರೆ ಎರಡು ಬೆರಳಿನಿಂದ ಹಗುರವಾಗಿ ಒತ್ತಿ. ಸೋಪಿನ ನೊರೆಯಂಥ ಬಿಳಿ ನೊರೆ ಬಂದರೆ ಅದು ಗಂಡು. ಐದನೇ ವಾರದಲ್ಲೇ ಒತ್ತಿ ನೋಡಿ, ನೊರೆ ಬರಲಿಲ್ಲವೆಂದು ಹೆಣ್ಣುಗಳ ಜೊತೆ ಬಿಟ್ಟುಬಿಡಬೇಡಿ. ಬಲಿಯದ ಗಂಡಿಗೂ ನೊರೆ ಬರುವುದಿಲ್ಲ. ಸಂಶಯವಿದ್ದರೆ ಕಿವಿಗೊಡಿ: ಗಂಟಲು ಚಾಚಿ ಗಟ್ಟಿಯಾಗಿ ಕೂಗುವುದು ಗಂಡು.

ಮರಿ ಮಾಡಿಸುವ ಫಾರ್ಮ್‌ಗಳಲ್ಲಿ ಎರಡು–ಮೂರು ಹೆಣ್ಣಿಗೆ ಒಂದು ಗಂಡು ಬಿಡುತ್ತಾರೆ. ಮನೆಯ ಗೂಡಿಗೆ ನಾನು ಹೇಳುವುದು ನಾಲ್ಕೈದು ಹೆಣ್ಣಿಗೆ ಒಂದು. ಹತ್ತು ಹೆಣ್ಣಿದ್ದರೆ ಎರಡು ಗಂಡನ್ನು ಒಟ್ಟಿಗೆ ಬಿಡದೆ ಗೂಡನ್ನೇ ಎರಡು ಮಾಡಿ. ಒಂದು ಗಂಡಿಗೆ ಒಂದೇ ಹೆಣ್ಣು ಇಡುವುದಂತೂ ಆ ಹೆಣ್ಣಿಗೆ ಹಿಂಸೆ. ತಿನ್ನುವ ಮೊಟ್ಟೆ ಸಾಕೆಂದರೆ ಗಂಡೇ ಬೇಡ. ಮರಿ ಬೇಕಿದ್ದರೆ ಗಂಡು ಬಿಟ್ಟ ನಾಲ್ಕನೇ ದಿನದಿಂದ ಮೊಟ್ಟೆ ಆರಿಸಿ ಕಾವಿಗಿಡಿ. ಹೆಚ್ಚಾದ ಗಂಡುಗಳು ಏಳನೇ ವಾರಕ್ಕೆ ಅಡುಗೆಗೆ ಹೋಗಲಿ. ಮನಸ್ಸು ಒಪ್ಪದಿದ್ದರೆ ಹೆಣ್ಣುಗಳು ಕಣ್ಣಿಗೆ ಬೀಳದ ಕಡೆ ಬೇರೆ ಗೂಡು ಮಾಡಿ.

ಇಷ್ಟಾದ ಮೇಲೂ ದಿನಕ್ಕೆ ಹತ್ತು ನಿಮಿಷ ಗೂಡಿನ ಮುಂದೆ ಕೂರಿ. ಗಂಡು ಹೆಣ್ಣಿನ ಕತ್ತಿನ ಗರಿ ಕಚ್ಚಿ ಹತ್ತಿ, ಕೆಲವೇ ಕ್ಷಣಗಳಲ್ಲಿ ಇಳಿದರೆ ಅದು ಕೂಡುವಿಕೆ. ಹೆಣ್ಣು ಮೈ ಕೊಡವಿಕೊಂಡು ಮೇಯಲು ಹೋಗುತ್ತದೆ. ಮೂಲೆಗೆ ಅಟ್ಟಿಸಿಕೊಂಡು ಹೋಗಿ ನೆತ್ತಿಗೆ, ಕಣ್ಣಿಗೆ ಕುಕ್ಕುತ್ತಲೇ ಇದ್ದರೆ ಅದು ಜಗಳ. ಆ ಗಂಡನ್ನು ಆಗಲೇ ತೆಗೆಯಿರಿ. ರಕ್ತ ಬಂದ ಹಕ್ಕಿಯನ್ನೂ ತಡಮಾಡದೆ ಬೇರೆಯಿಡಿ, ಕೆಂಪು ಕಂಡರೆ ಉಳಿದವೂ ಕುಕ್ಕುತ್ತವೆ. ಕುಕ್ಕುವುದನ್ನು ತಡೆಯುತ್ತದೆಂದು ಮಾರುವ ಸ್ಪ್ರೇಯನ್ನು ನಾನೂ ಕೊಂಡು ನೋಡಿದ್ದೇನೆ, ದುಡ್ಡು ದಂಡ. ಕೊಕ್ಕು ಕತ್ತರಿಸುವ ಸುಲಭೋಪಾಯ ಬೇಡವೇ ಬೇಡ. ರಾತ್ರಿಯಿಡೀ ಬಲ್ಬ್ ಉರಿಸುವುದನ್ನೂ ನಿಲ್ಲಿಸಿ. ಮೊಟ್ಟೆಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಾಕು.

ವಾಸಿಯಾದ ಹಕ್ಕಿಯನ್ನು ಹಳೇ ಗೂಡಿಗೆ ಒಂಟಿಯಾಗಿ ಬಿಟ್ಟರೆ ಹೊಸಬರೆಂದು ಎಲ್ಲವೂ ಮುಗಿಬೀಳುತ್ತವೆ. ಗೂಡು ತೊಳೆದು, ಹೊಸ ಹೊಟ್ಟು ಹಾಸಿ, ಮೇವಿನ ತಟ್ಟೆಯ ಜಾಗ ಬದಲಿಸಿ, ಅಡಗಲು ಎರಡು ಸೋಗೆ ಕಟ್ಟು ಇಟ್ಟು, ಕತ್ತಲಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಒಳಗೆ ಬಿಡಿ. ಮರುದಿನ ಬೆಳಗಾಗುವ ಮುಂಚೆಯೇ ಎದ್ದು ಹೋಗಿ ನೋಡಿ.