ಧಾರವಾಡದ ಗಾಯನ: ಯಾವುದನ್ನು ಕೊಳ್ಳಬೇಕು, ಯಾವುದನ್ನು ಪುಕ್ಕಟೆ ಇಳಿಸಿಕೊಳ್ಳಬಹುದು

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ. ಈ ಹೆಸರು ಹಾಕಿ ಹುಡುಕಿದರೆ ಪುಕ್ಕಟೆ ಕೊಂಡಿಗಳು ರಾಶಿ ಬೀಳುತ್ತವೆ. ಕೆಲವು ನಿಜಕ್ಕೂ ಪುಕ್ಕಟೆ, ಕೆಲವು ಕದ್ದ ಮಾಲು, ಇನ್ನು ಕೆಲವು ಹಾಡೇ ಅಲ್ಲ. ಹಾಗಾಗಿ ಜೇಬು ಮುಟ್ಟಿ ನೋಡಿಕೊಳ್ಳುವ ಮೊದಲು ಧ್ವನಿಮುದ್ರಿಕೆಯ ಇಸವಿ ನೋಡಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಉಳಿಯುತ್ತದೆ. 1960ರಲ್ಲಿ ಹೊರಬಂದ ಗ್ರಾಮಫೋನ್ ಪ್ಲೇಟಿನ ಹಕ್ಕು 2020ರ ಡಿಸೆಂಬರ್ 31ಕ್ಕೆ ಮುಗಿದಿದೆ. ಗಂಗೂಬಾಯಿಯವರ 1930ರ ದಶಕದ ಪ್ಲೇಟುಗಳು ಈ ಲೆಕ್ಕದಲ್ಲಿ ಎಂದೋ ಮುಕ್ತವಾಗಿವೆ. ಆದರೆ ‘ಗಂಗೂಬಾಯಿ’ ಎಂದಷ್ಟೇ ಹುಡುಕಿದರೆ ಅವೆಲ್ಲ ಸಿಗಲಿಕ್ಕಿಲ್ಲ. ಆಗ ಅವರ ಹೆಸರು ಪ್ಲೇಟಿನ ಮೇಲೆ ‘ಗಾಂಧಾರಿ’ ಎಂದು ಅಚ್ಚಾಗುತ್ತಿತ್ತು. ‘ಗಾಂಧಾರಿ ಹುಬ್ಳಿ’ ಎಂದೂ ಹುಡುಕಿ. ಒಂದೊಂದು ಬದಿ ಮೂರು, ಮೂರೂವರೆ ನಿಮಿಷ ಅಷ್ಟೇ. ಅದನ್ನು ತುಂಡು ಹಾಡೆಂದು ತಿಳಿಯಬೇಡಿ, ಪ್ಲೇಟಿನಲ್ಲಿ ಹಿಡಿಸುತ್ತಿದ್ದದ್ದೇ ಅಷ್ಟು.

ಇಲ್ಲಿ ಜನ ಎಡವುವ ಜಾಗ ಎರಡು. ಒಂದು, ಯಾರದೋ ಪಡಸಾಲೆಯಲ್ಲಿ ನಡೆದ ಬೈಠಕ್ಕಿನ ಟೇಪು. ಎಷ್ಟೇ ಹಳೆಯದಿರಲಿ, ಪ್ರಕಟವೇ ಆಗದಿದ್ದರೆ 60 ವರ್ಷದ ಎಣಿಕೆ ಶುರುವೇ ಆಗಿರುವುದಿಲ್ಲ. ಇನ್ನೊಂದು, ಸಾಹಿತ್ಯದ ಹಕ್ಕು. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೆ ಈ ತೊಡಕಿಲ್ಲ. ಬೇಂದ್ರೆಯವರ ಕವಿತೆಗಿದೆ: ಕವಿಯ ಹಕ್ಕು ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಉಳಿಯುತ್ತದೆ, ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಪ್ಲೇಟು ಹಳೆಯದಾದ ಮಾತ್ರಕ್ಕೆ ಅದರಲ್ಲಿನ ಕವಿತೆಯೂ ಮುಕ್ತವಾಗುವುದಿಲ್ಲ.

ಉಳಿದದ್ದನ್ನು ಕೊಳ್ಳಬೇಕು. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ದುಡ್ಡು ಕೊಡುವುದು ಕೊಂಡಂತೆ ಅಲ್ಲ, ಆ ದುಡ್ಡು ಹಾಡಿದವರಿಗೂ ಹೋಗುವುದಿಲ್ಲ, ಕಂಪನಿಗೂ ಹೋಗುವುದಿಲ್ಲ. ಹೀಗೆ ತುಂಬಿ ಮಾರುವುದಕ್ಕೆ ಇದೇ ಕಾಯ್ದೆಯ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ಕಾನೂನು ಹಾಗಿರಲಿ, ಪುಕ್ಕಟೆ ಫೈಲಿನ ಗುಣಮಟ್ಟವನ್ನೂ ತೂಗಿ ನೋಡಬೇಕು. 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿತ್ರೀ ನಿಮಿಷಕ್ಕೆ ಸುಮಾರು 1 ಎಂಬಿ, 320ರದು 2.4 ಎಂಬಿ. ಹತ್ತು ನಿಮಿಷದ ಹಾಡೆಂದು ಹೇಳಿ 400 ಕೆಬಿ ಇಳಿದರೆ, ಅಥವಾ ಹೆಸರಿನ ಬಾಲದಲ್ಲಿ ಎಪಿಕೆ, ಇಎಕ್ಸ್ಇ ಎಂದಿದ್ದರೆ (ಅವು ಹಾಡಲ್ಲ, ತಂತ್ರಾಂಶ), ತೆರೆಯದೆ ಅಳಿಸಿ. ‘320’ ಎಂಬ ಹಣೆಪಟ್ಟಿಯನ್ನೂ ನಂಬಬೇಡಿ. ಯೂಟ್ಯೂಬಿನ ಧ್ವನಿ ಮೊದಲೇ ಹಿಂಡಿದ್ದು. ಅದನ್ನು 320ಕ್ಕೆ ಪರಿವರ್ತಿಸಿದರೆ ಫೈಲು ಉಬ್ಬುತ್ತದೆ, ಕಳೆದುಹೋದ ನಾದ ಮರಳುವುದಿಲ್ಲ. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ನೋಡಿ: 16 ಕಿಲೋಹರ್ಟ್ಜ್ ಹತ್ತಿರ ಕತ್ತಿಯಿಂದ ಕಡಿದಂತೆ ಚಿತ್ರ ನಿಂತರೆ ಅದು ಹೆಚ್ಚಾಗಿ 128ರಿಂದ ಉಬ್ಬಿಸಿದ್ದು. ಈ ಪರೀಕ್ಷೆ ಸಿಡಿ ಕಾಲದ ಮುದ್ರಿಕೆಗಳಿಗೆ ಮಾತ್ರ. ಹಳೆಯ ಪ್ಲೇಟುಗಳಲ್ಲಿ ಅಷ್ಟು ಮೇಲಿನ ನಾದ ಮೊದಲೇ ಇರುವುದಿಲ್ಲ.

ಖ್ಯಾಲ್ ಕೇಳುವವರು ಇನ್ನೆರಡು ನೋಡಬೇಕು. ವಿಲಂಬಿತ (ನಿಧಾನ ಲಯದ ಭಾಗ) ಮುಗಿದು ದ್ರುತ್ (ವೇಗದ ಭಾಗ) ಶುರುವಾಗುವ ಮೊದಲೇ ಹಾಡು ನಿಂತರೆ, ಅದು ಕ್ಯಾಸೆಟ್ಟಿನ ಒಂದೇ ಬದಿಯ ನಕಲಾಗಿರಬಹುದು. ಆಲ್ಬಮ್ಮಿನ ಹೊದಿಕೆಯ ಮೇಲಿನ ಅವಧಿಯೊಂದಿಗೆ ತಾಳೆ ನೋಡಿ. ಎರಡನೆಯದು ಶ್ರುತಿ. ಟೇಪು ಶೇಕಡಾ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕರಿ ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೆ ಹೋಗಿ ಕೂರುತ್ತದೆ. 30 ನಿಮಿಷದ ಗಾಯನ 28 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ತಂಬೂರಿ ಆ್ಯಪ್ ಹಚ್ಚಿ ಷಡ್ಜ ಹೊಂದಿಸಿದರೆ ಸಿಕ್ಕಿಬೀಳುತ್ತದೆ. ಕಲಿಯುವ ಮಕ್ಕಳು ಇಂಥ ಫೈಲಿಗೆ ಕೂತು ತಾನ್ ಅಭ್ಯಾಸ ಮಾಡಿದರೆ ಲಯದ ಅಂದಾಜೂ ಕೆಡುತ್ತದೆ.

ಕೊಳ್ಳುವುದಾದರೆ ಒಳ್ಳೆಯದು ಸಿಡಿ, ಇಲ್ಲವೇ ನಾದ ಕಳೆಯದೆ ಹಿಂಡಿದ ಫ್ಲ್ಯಾಕ್ ಫೈಲು. ಬ್ಯಾಂಡ್‌ಕ್ಯಾಂಪ್‌ನಂಥ ತಾಣದಲ್ಲಿ ಫ್ಲ್ಯಾಕ್ ನೇರ ಸಿಗುತ್ತದೆ. ಅವರು ಡಿಜಿಟಲ್ ಮಾರಾಟದಲ್ಲಿ ಶೇಕಡಾ 15 ಇಟ್ಟುಕೊಳ್ಳುತ್ತಾರೆ, ಪಾವತಿ ಶುಲ್ಕ ಬೇರೆ. ಬ್ಯಾಂಕಿನ ಕಾರ್ಡು ನಡೆಯದಿದ್ದರೆ ತಾಣವನ್ನು ಬೈಯಬೇಡಿ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದಾಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿ, ಸಣ್ಣ ಮಿತಿ ಹಾಕಿ, ಖರೀದಿ ಮುಗಿದ ಮೇಲೆ ಮತ್ತೆ ಬಂದ್ ಮಾಡಿ. ತಿಂಗಳ ಚಂದಾ ಕಟ್ಟುವ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿದ್ದು ಬಾಡಿಗೆ ಮಾಲು. ಸ್ಪಾಟಿಫೈಯಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಜೋಡಿಸದಿದ್ದರೆ ಅದು ನುಡಿಯುವುದಿಲ್ಲ.

ಹಳೆಯ ಸಿಡಿ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಸೂಜಿಮೊನೆಯಂಥ ತೂತು ಕಂಡರೆ ಬೇಡ. ಕೆಳಬದಿಯ ಗೀರಿಗಿಂತ ಹೆಸರು ಅಚ್ಚಾದ ಮೇಲ್ಬದಿಯ ಗೀರು ಅಪಾಯ, ಧ್ವನಿ ಇರುವ ಪದರ ಅದರ ಕೆಳಗೇ ಇದೆ. ತಳ ನೀಲಿ ಅಥವಾ ಹಸಿರು ಛಾಯೆಯದಾಗಿದ್ದರೆ ಮನೆಯಲ್ಲಿ ಬರೆದ ನಕಲು. ಕಾರ್ಖಾನೆಯದು ಬೆಳ್ಳಿಯಂತೆ ಹೊಳೆಯುತ್ತದೆ. ಯುಎಸ್‌ಬಿ ಡಿವಿಡಿ ಡ್ರೈವ್ ಹಚ್ಚಿ, ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶದ ‘ಸೆಕ್ಯೂರ್’ ವಿಧಾನದಲ್ಲಿ ಫ್ಲ್ಯಾಕ್ ಆಗಿ ಇಳಿಸಿ. ಒಂದು ಗಂಟೆಯ ಸಿಡಿ ಸುಮಾರು 300 ಎಂಬಿ ಆಗುತ್ತದೆ, 64 ಜಿಬಿ ಕಾರ್ಡಿನಲ್ಲಿ ಇನ್ನೂರರಷ್ಟು ಹಿಡಿಸುತ್ತವೆ.

ಎಲ್ಲೂ ಮಾರಾಟಕ್ಕಿಲ್ಲದ ಭಜನೆ, ಗೀಗೀ ಪದ, ದೊಡ್ಡಾಟದ ಕ್ಯಾಸೆಟ್ಟು ಮನೆಯಲ್ಲಿದ್ದರೆ ನೀವೇ ಇಳಿಸಿಕೊಳ್ಳಬೇಕು. ಧಾರವಾಡದ ಮಳೆಗಾಲದ ತಂಪಿಗೆ ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗೆಯೇ ನುಡಿಸಿದರೆ ಅದು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಬೂಷ್ಟಿಲ್ಲದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ ಸಡಿಲಿಸಿ. ಹೆಡ್ಡು ಮತ್ತು ರಬ್ಬರ್ ರೋಲರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಧ್ವನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಎಲ್ಲಿ ತಿಳಿಯಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಚುಚ್ಚಬೇಡಿ, ಧ್ವನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಆಡಾಸಿಟಿ ಎಂಬ ಮುದ್ರಣ ತಂತ್ರಾಂಶದಲ್ಲಿ 24 ಬಿಟ್ ಇಟ್ಟು, ಗಟ್ಟಿ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ.

ಕೊನೆಗೆ ‘ನಾಯ್ಸ್ ರಿಡಕ್ಷನ್’ ಗುಂಡಿಯ ಕಡೆ ಕೈ ಹೋಗುತ್ತದೆ. ತಂಬೂರಿಯ ಎಡೆಬಿಡದ ಮೊರೆತ ಕಂಪ್ಯೂಟರಿನ ಕಿವಿಗೆ ಸರಸರ ಸದ್ದಿನಂತೆಯೇ ತೋರುವುದರಿಂದ, ಜೋರಾಗಿ ಹಚ್ಚಿದರೆ ಸದ್ದಿನ ಜತೆ ತಂಬೂರಿಯೂ ಹೋಗಿ ಗಾಯಕರು ನೀರಿನಡಿಯಿಂದ ಹಾಡಿದಂತೆ ಕೇಳುತ್ತದೆ. ಶುಚಿಗೊಳಿಸದ ಮೂಲವನ್ನು ಫ್ಲ್ಯಾಕ್ ಮಾಡಿ ಎರಡು ಕಡೆ ಇಟ್ಟು, ಕತ್ತರಿ ಕೆಲಸವನ್ನು ನಕಲಿನ ಮೇಲೆ ಮಾಡಿ. ಕ್ಯಾಸೆಟ್ಟನ್ನು ಎಸೆಯಬೇಡಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ.