ಮಟ್ಟುಗುಳ್ಳ ಒಂದು, ಪದರ ಮೂರು: ಎಣ್ಣೆಬಣ್ಣದ ಮೊದಲ ಪಾಠ

ಗ್ಲೇಜ್, ಸ್ಕಂಬ್ಲಿಂಗ್, ಇಂಪಾಸ್ಟೊ, ಫ್ಯಾಟ್ ಓವರ್ ಲೀನ್... ಆಯಿಲ್ ಪೇಂಟಿಂಗ್ ಕಲಿಯಲು ಹೊರಟವರಿಗೆ ಈ ಪದಗಳದ್ದೇ ಅರ್ಧ ತಲೆಬಿಸಿ. ಒಂದು ಸಣ್ಣ ಚಿತ್ರ ಬಿಡಿಸುತ್ತಾ ಹೋದರೆ ಯಾವ ಪದ ಯಾವ ಪದರದ್ದು ಎಂದು ತಾನಾಗಿ ತಿಳಿಯುತ್ತದೆ. ಎದುರಿಗೆ ಒಂದು ಮಟ್ಟುಗುಳ್ಳ, ಅಂದರೆ ಉಡುಪಿ ಕಡೆಯ ಗುಂಡು ಬದನೆ, ಇಟ್ಟುಕೊಳ್ಳಿ. ಗುಂಡಗಿನ ತಿಳಿಹಸಿರು ಮೈ, ಮೈಮೇಲೆ ಬಿಳಿ ಗೆರೆ, ಮುಳ್ಳಿನ ತೊಟ್ಟು, ಹೊಳೆಯುವ ಸಿಪ್ಪೆ. ಮುಖ್ಯ ತಂತ್ರಗಳೆಲ್ಲ ಇದೊಂದರಲ್ಲೇ ಬೇಕಾಗುತ್ತವೆ. ಗುಳ್ಳ ಪೇಟೆಗೆ ಬರುವ ಚಳಿಗಾಲವೇ ಕರಾವಳಿಯಲ್ಲಿ ಎಣ್ಣೆಬಣ್ಣಕ್ಕೂ ಹದವಾದ ಕಾಲ. ಮಳೆಗಾಲದ ತೇವದಲ್ಲಿ ಪದರ ಒಣಗುವುದು ಬಹಳ ತಡ.

ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಅದೇ ಎಣ್ಣೆಬಣ್ಣ. ಪುಡಿಯನ್ನು ಹಿಡಿದಿಡುವ ವಸ್ತುವಿಗೆ ಬೈಂಡರ್ ಎನ್ನುತ್ತಾರೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಎರಡು ಬಗೆಯ ಕೆಲಸ ಮಾಡಿದ್ದಾರೆ. ಗೋಡೆಯ ಮೇಲಿನದು ಫ್ರೆಸ್ಕೊ, ಅಲ್ಲಿ ಬಣ್ಣವನ್ನು ಹಿಡಿದಿರುವುದು ಸುಣ್ಣದ ಗಾರೆ. ಕ್ಯಾನ್ವಾಸ್ ಮೇಲಿನದು ತೈಲವರ್ಣ. ಹೋದಾಗ ಎರಡರ ಹೊಳಪನ್ನೂ ಹೋಲಿಸಿ ನೋಡಿ.

ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ತೆಂಗಿನೆಣ್ಣೆಗೆ ಈ ಗುಣವಿಲ್ಲ. ಮನೆಯಲ್ಲಿ ಇದೆಯಲ್ಲ ಎಂದು ಬಣ್ಣಕ್ಕೆ ಬೆರೆಸಿದರೆ ಚಿತ್ರ ಅಂಟಂಟಾಗಿಯೇ ಉಳಿಯುತ್ತದೆ. ಕೈಗೆ ಮೆತ್ತಿದ ಬಣ್ಣ ಬಿಡಿಸಲು ಮಾತ್ರ ಅದು ಒಳ್ಳೆಯದು, ಆಮೇಲೆ ಸೋಪು ಹಾಕಿ ತೊಳೆಯಿರಿ.

ಏನೇನು ಬೇಕು

10x12 ಇಂಚಿನ ಕ್ಯಾನ್ವಾಸ್ ಬೋರ್ಡ್ ಸಾಕು. ಟೈಟಾನಿಯಂ ವೈಟ್, ಲೆಮನ್ ಯೆಲ್ಲೊ, ಯೆಲ್ಲೊ ಓಕರ್, ಅಲ್ಟ್ರಾಮರೀನ್ ಬ್ಲೂ, ಕ್ರಿಮ್ಸನ್, ಬರ್ನ್ಟ್ ಅಂಬರ್ ಈ ಆರು ಟ್ಯೂಬ್ ಸಾಕು. ಬಿಳಿಯದ್ದು ಮಾತ್ರ ದೊಡ್ಡದಿರಲಿ, ಮೊದಲು ಖಾಲಿಯಾಗುವುದು ಅದೇ. 4 ಮತ್ತು 8ನೇ ನಂಬರಿನ ಹಂದಿಕೂದಲಿನ ಚಪ್ಪಟೆ ಬ್ರಷ್, 2ನೇ ನಂಬರಿನ ಮೆತ್ತಗಿನ ದುಂಡು ಬ್ರಷ್, ಒಂದು ಪ್ಯಾಲೆಟ್ ನೈಫ್. ಟರ್ಪೆಂಟೈನ್, ಅಗಸೆ ಎಣ್ಣೆ ಎರಡನ್ನೂ ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲೇ ಕೊಳ್ಳಿ. ಮರಕ್ಕೆ ಹಚ್ಚುವ ಕುದಿಸಿದ ಅಗಸೆ ಎಣ್ಣೆಯ ಬಣ್ಣವೇ ಕಂದು, ಚಿತ್ರಕ್ಕೆ ಬೇಡ.

ಬೋರ್ಡಿಗೆ ಜೆಸ್ಸೊ ಎಂಬ ಬಿಳಿ ಪ್ರೈಮರ್ ಹಚ್ಚಿಯೇ ಮಾರುತ್ತಾರೆ. ಪ್ರೈಮರ್ ಹಚ್ಚದ ಬರಿ ಬಟ್ಟೆಯಾದರೆ ನೀವೇ ಎರಡು ಮೂರು ಕೋಟ್ ಕೊಡಬೇಕು. ಇಲ್ಲದಿದ್ದರೆ ಎಣ್ಣೆಯ ಆಮ್ಲ ನೂಲಿಗೇ ಇಳಿದು ವರ್ಷಗಳಲ್ಲಿ ಬಟ್ಟೆ ಲಡ್ಡಾಗುತ್ತದೆ.

ಮೊದಲ ಪದರ: ಅಂಡರ್‌ಪೇಂಟಿಂಗ್

ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವಂತೆ ಗುಳ್ಳ ಇಟ್ಟು, ಮೊದಲೇ ಒಂದು ಫೋಟೊ ತೆಗೆದುಕೊಳ್ಳಿ. ಮೂರನೇ ಪದರಕ್ಕೆ ಬರುವಷ್ಟರಲ್ಲಿ ಅದು ಬಾಡಿ ಸುಕ್ಕಾಗಿರುತ್ತದೆ. ಇದ್ದಿಲಿನ ಕಡ್ಡಿಯಲ್ಲಿ ಆಕಾರ ಬರೆದು, ಬಟ್ಟೆಯಿಂದ ಮೆಲ್ಲಗೆ ಬಡಿದು ಪುಡಿ ಉದುರಿಸಿ. ಪುಡಿ ಉಳಿದರೆ ಹಸಿರು ಕೊಳೆಯಾಗುತ್ತದೆ.

ಈಗ ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಮಾತ್ರ ಸೇರಿಸಿ ಹಾಲು ಹಾಕದ ಕಣ್ಣಾ ಚಹಾದಷ್ಟು ತೆಳ್ಳಗೆ ಮಾಡಿ. ಅದೊಂದೇ ಬಣ್ಣದಲ್ಲಿ ನೆರಳು, ನಡುಬೆಳಕು, ಬೆಳಕು ಮೂರನ್ನು ಗುರುತಿಸಿ. ಬೆಳಕಿನ ಜಾಗದಲ್ಲಿ ಬಟ್ಟೆಯಿಂದ ಒರೆಸಿದರೆ ಕ್ಯಾನ್ವಾಸ್‌ನ ಬಿಳಿ ಮೇಲೆ ಬರುತ್ತದೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಒಂದೆರಡು ದಿನ ಸಾಕು.

ಎರಡನೆಯದು: ಮೈಬಣ್ಣ

ಎರಡು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ ಬೆರೆಸಿ. ಬಣ್ಣ ತೆಳ್ಳಗಾಗಿಸಲು ಬಳಸುವ ಇಂತಹ ಮಿಶ್ರಣವೇ ಮೀಡಿಯಂ. ಇಲ್ಲಿಗೆ ‘ಫ್ಯಾಟ್ ಓವರ್ ಲೀನ್’ ನಿಯಮ ಬಂತು: ಮೇಲಿನ ಪ್ರತಿ ಪದರದಲ್ಲೂ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಬೇಕು. ಎಣ್ಣೆ ಹೆಚ್ಚಿರುವ ಪದರ ನಿಧಾನ ಒಣಗುತ್ತದೆ. ಅದು ಕೆಳಗಿದ್ದರೆ, ಮೊದಲೇ ಗಟ್ಟಿಯಾದ ಮೇಲ್ಪದರ ಕೆಳಗಿನ ಅಲುಗಾಟಕ್ಕೆ ಒಡೆಯುತ್ತದೆ. ತಿಂಗಳುಗಳ ಮೇಲೆ ಕಾಣಿಸುವ ಬಿರುಕಿಗೆ ಬಹುಪಾಲು ಇದೇ ಕಾರಣ. ಇಡೀ ಚಿತ್ರವನ್ನು ಹಸಿ ಇರುವಾಗಲೇ ಒಂದೇ ಕೂರಿಕೆಯಲ್ಲಿ ಮುಗಿಸುವ ಪದ್ಧತಿಗೆ ಆಲಾ ಪ್ರೀಮಾ ಎಂದು ಹೆಸರು, ಅಲ್ಲಿ ಈ ಚಿಂತೆ ಕಡಿಮೆ.

ಗುಳ್ಳದ ಹಸಿರಿಗೆ ಲೆಮನ್ ಯೆಲ್ಲೊ, ಬಿಳಿ, ಚಿಟಿಕೆಯಷ್ಟು ಅಲ್ಟ್ರಾಮರೀನ್. ನೀಲಿಯನ್ನು ಹಳದಿಗೆ ಹಾಕಿ, ಹಳದಿಯನ್ನು ನೀಲಿಗೆ ಹಾಕಲು ಹೋದರೆ ಅರ್ಧ ಟ್ಯೂಬ್ ಮುಗಿದೀತು. ಹಸಿರು ಪ್ಲಾಸ್ಟಿಕ್‌ನಂತೆ ಕಂಡರೆ ಬ್ರಷ್ ತುದಿಯಷ್ಟು ಕ್ರಿಮ್ಸನ್ ಸೇರಿಸಿ, ಸೌಮ್ಯವಾಗುತ್ತದೆ. ನೆರಳಿಗೆ ಅಂಬರ್, ಅಲ್ಟ್ರಾಮರೀನ್ ಎರಡನ್ನೂ ಸ್ವಲ್ಪ ಬೆರೆಸಿ. ಬೆಳಕು ನೆರಳು ಸೇರುವ ಅಂಚನ್ನು ಒಣ ಬ್ರಷ್ಷಿನಿಂದ ಎರಡೇ ಸಲ ಎಳೆಯಿರಿ. ಹತ್ತು ಸಲ ತೀಡಿದರೆ ಕೆಸರು. ಈ ಪದರಕ್ಕೆ ಒಂದು ವಾರ ಬಿಡಿ.

ಮೂರನೆಯದು: ಸ್ಕಂಬ್ಲಿಂಗ್, ಗ್ಲೇಜ್, ಇಂಪಾಸ್ಟೊ

ಬ್ರಷ್ಷಿಗೆ ಬಿಳಿ ತೆಗೆದು, ಬಟ್ಟೆಗೆ ಒರೆಸಿ, ಉಳಿದ ಅಲ್ಪ ಬಣ್ಣವನ್ನು ಒಣಗಿದ ಹಸಿರಿನ ಮೇಲೆ ಹಗುರಾಗಿ ಉಜ್ಜುವುದು ಸ್ಕಂಬ್ಲಿಂಗ್. ಗುಳ್ಳದ ಬಿಳಿ ಗೆರೆಗಳಿಗೆ ಇದೇ ಸರಿ. ಗೆರೆಗಳು ತೊಟ್ಟಿನಿಂದ ಹೊರಟು ಮೈಯ ಉಬ್ಬಿನೊಂದಿಗೆ ಬಾಗಬೇಕು. ನೇರ ಎಳೆದರೆ ಕಾಯಿ ಚಪ್ಪಟೆಯಾಗಿ ಕಾಣುತ್ತದೆ.

ನೆರಳಿನ ಕಡೆಗೆ ಗ್ಲೇಜ್ ಹಾಕಿ. ಎಣ್ಣೆ, ಟರ್ಪೆಂಟೈನ್ ಸಮಪಾಲು ಬೆರೆಸಿದ ಮೀಡಿಯಂಗೆ ಚೂರು ಅಲ್ಟ್ರಾಮರೀನ್ ಸೇರಿಸಿ, ಕೆಳಗಿನ ಬಣ್ಣ ತೋರುವಷ್ಟು ತೆಳ್ಳಗೆ ಹಚ್ಚುವುದೇ ಗ್ಲೇಜ್. ಇದಕ್ಕೆ ಪಾರದರ್ಶಕ ಬಣ್ಣವೇ ಬೇಕು. ಎಷ್ಟೋ ಟ್ಯೂಬ್‌ಗಳ ಮೇಲೆ ಖಾಲಿ ಚೌಕವಿದ್ದರೆ ಪಾರದರ್ಶಕ, ತುಂಬಿದ ಚೌಕವಿದ್ದರೆ ಅಪಾರದರ್ಶಕ ಎಂದರ್ಥ.

ಕೊನೆಗೆ ಹೊಳಪು. ನೈಫಿನ ತುದಿಯಲ್ಲಿ ದಪ್ಪ ಬಿಳಿ ತೆಗೆದು ಒಮ್ಮೆ ಒತ್ತಿ ಕೈ ತೆಗೆಯಿರಿ. ಹೀಗೆ ಬಣ್ಣ ಎದ್ದು ನಿಲ್ಲುವಂತೆ ಇಡುವುದು ಇಂಪಾಸ್ಟೊ. ಇದಕ್ಕೆ ಎಣ್ಣೆ ಸುರಿಯಬೇಡಿ. ಬಿಸಿ ಹಾಲಿನ ಕೆನೆಯಂತೆ ಮೇಲ್ಮೈ ಮಾತ್ರ ಒಣಗಿ ಸುಕ್ಕುಗಟ್ಟುತ್ತದೆ.

ಮುಗಿದ ಮೇಲೆ

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಒಣಗುವಾಗ ಬಿಸಿ ಹುಟ್ಟಿ, ಆ ಬಿಸಿ ಹೊರಹೋಗದೆ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಬಳಸಿದ ಟರ್ಪೆಂಟೈನ್ ಸಿಂಕಿಗೆ ಚೆಲ್ಲದೆ ಬಾಟಲಿಯಲ್ಲಿ ಮುಚ್ಚಿಡಿ. ಬಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮತ್ತೆ ಬಳಸಬಹುದು.

ಚಿತ್ರವನ್ನು ಬೆಳಕಿರುವ ಕೋಣೆಯಲ್ಲಿ ಒಣಗಿಸಿ, ಕತ್ತಲಲ್ಲಿ ಎಣ್ಣೆ ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ತೇವದ ಗೋಡೆಗೆ ತಾಗಿಸಿಟ್ಟರೆ ಹಿಂಬದಿಗೆ ಬೂಸ್ಟು ಖಂಡಿತ, ಫ್ರೇಮಿನ ಕೆಳಗಿನ ಎರಡು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಗಾಳಿಗೆ ದಾರಿ ಬಿಡಿ. ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಮೊದಲು ಬಿಳಿ ಬಟ್ಟೆಗೆ ಚೂರು ಟರ್ಪೆಂಟೈನ್ ಹಾಕಿ ಒಂದು ಮೂಲೆಯಲ್ಲಿ ಮೆಲ್ಲಗೆ ಒರೆಸಿ ನೋಡಿ. ಬಟ್ಟೆಗೆ ಹಸಿರು ಹತ್ತಿದರೆ ಇನ್ನೂ ಒಂದೆರಡು ತಿಂಗಳು ಬಿಡಿ.